ಹಸಿಯ ಸೊಪ್ಪಿನ ಪಚಡಿ

ಬೇಯಿಸಿದ ಪಲ್ಯಕ್ಕೆ ಒಲೆಯೇ ಕಾವಲು. ಸೊಪ್ಪಿಗೆ ಅಂಟಿ ಬಂದ ಕ್ರಿಮಿಗಳು ಕುದಿಯುವಾಗ ಅಳಿಯುತ್ತವೆ. ಹಸಿಯದಾಗಿಯೇ ತಿನ್ನುವ ಸೊಪ್ಪಿಗೆ ಆ ರಕ್ಷಣೆಯಿಲ್ಲ. ಅದನ್ನು ತೊಳೆಯುವ ಕೈಯನ್ನೇ ನಂಬಬೇಕು. ಆದುದರಿಂದ ಈ ಚಿಕ್ಕ ವಿಷಯವನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಜೋಳದ ರೊಟ್ಟಿಯೊಡನೆ ಹಕ್ಕರಿಕೆ, ಮೆಂತ್ಯೆ, ಮೂಲಂಗಿಯ ಎಲೆಗಳನ್ನು ಹಸಿಯದಾಗಿ ತಿನ್ನುವುದು ಹಳೆಯ ರೂಢಿ. ಈಗ ಪೇಟೆಯಲ್ಲಿ ಲೆಟ್ಯೂಸ್ ಎಂಬ ಸೊಪ್ಪೂ ದೊರೆಯುತ್ತದೆ. ಅದನ್ನು ಪರಕೀಯವೆಂದು ದೂರವಿಡಬೇಕಾಗಿಲ್ಲ. ಹಕ್ಕರಿಕೆಯಂತೆ ಅದೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ದಂಟನ್ನು ಮುರಿದರೆ ಎರಡರಲ್ಲಿಯೂ ಹಾಲು ಒಸರುತ್ತದೆ. ಲೆಟ್ಯೂಸಿನ ಶಾಸ್ತ್ರೀಯ ನಾಮವಾದ ಲ್ಯಾಕ್ಟುಕಾ ಎಂಬುದು ಹಾಲು ಎಂಬರ್ಥದ ಲ್ಯಾಟಿನ್ ಶಬ್ದದಿಂದಲೇ ಹುಟ್ಟಿದೆ.

ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಬುಡವನ್ನು ಕೊಯ್ದು, ಕೊಳೆತ ಎಲೆಗಳನ್ನು ತೆಗೆದು, ಉಳಿದವನ್ನು ಒಂದೊಂದಾಗಿ ಬಿಡಿಸಬೇಕು. ಸಿವುಡನ್ನು ಕಟ್ಟಿದಂತೆಯೇ ನೀರಿಗೆ ಅದ್ದಿ ತೆಗೆಯುವುದು ತೊಳೆದಂತಲ್ಲ. ಮಣ್ಣು ಅಡಗಿರುವುದೇ ಬುಡದ ಸಂದಿನಲ್ಲಿ. ಅಗಲವಾದ ಪಾತ್ರೆಯ ನೀರಿನಲ್ಲಿ ಎಲೆಗಳನ್ನು ಆಡಿಸಿ, ಎಲೆಗಳನ್ನೇ ಮೇಲೆತ್ತಿಕೊಳ್ಳಬೇಕು. ನೀರನ್ನು ಬಗ್ಗಿಸಿದರೆ ತಳಕ್ಕಿಳಿದ ಮರಳು ಮತ್ತೆ ಎಲೆಗಳ ಮೇಲೆಯೇ ಕೂಡುತ್ತದೆ. ತಳದಲ್ಲಿ ಮರಳು ಕಾಣದಾಗುವವರೆಗೆ ನೀರನ್ನು ಬದಲಿಸಿ, ಕಡೆಗೆ ಪ್ರತಿಯೊಂದು ಎಲೆಯ ಎರಡೂ ಮಗ್ಗುಲುಗಳನ್ನು ಸುರಿಯುವ ನೀರಿನಲ್ಲಿ ಉಜ್ಜಬೇಕು. ನೀರಿನ ಮೇಲೆಯೇ ಸಂಶಯವಿದ್ದರೆ ಈ ಕೊನೆಯ ಸಲಕ್ಕೆ ಕುದಿಸಿ ಆರಿಸಿದ ನೀರನ್ನು ಬಳಸುವುದು ಲೇಸು.

ಉಪ್ಪುನೀರಿನಲ್ಲಿ ನೆನೆಯಿಟ್ಟರೆ ಸಾಕೆಂದು ಹಲವರು ಭಾವಿಸಿದ್ದಾರೆ. ಅದರಿಂದ ಸಣ್ಣ ಹುಳುಗಳು ಎಲೆಯನ್ನು ಬಿಡಬಹುದು; ಜಂತುಹುಳುವಿನ ತತ್ತಿಗಳು ಸಾಯುವುದಿಲ್ಲ. ದಪ್ಪ ಕವಚದ ಆ ತತ್ತಿಗಳು ಬರಿಗಣ್ಣಿಗೆ ಕಾಣವು, ಮಣ್ಣಿನಲ್ಲಿ ವರ್ಷಗಟ್ಟಲೆ ಜೀವದಿಂದಿರಬಲ್ಲವು. ಜಂತುಹುಳು ಹೆಚ್ಚಾದ ಮಗುವಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಪಾಠದ ವೇಳೆಯಲ್ಲಿ ಬಾಡಿದ ಮುಖದಿಂದ ಕುಳಿತಿರುವ ಅಂಥ ಮಕ್ಕಳನ್ನು ಶಿಕ್ಷಕರಾದ ನಾವು ಕಾಣದವರಲ್ಲ.

ವಿದ್ಯಾರ್ಥಿಗಳು ಮನೆಯಲ್ಲಿ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಬಾಡಿದ ಎರಡು ಎಲೆಗಳಲ್ಲಿ ಒಂದನ್ನು ತಣ್ಣೀರಿನಲ್ಲಿಯೂ ಇನ್ನೊಂದನ್ನು ಗಟ್ಟಿಯಾದ ಉಪ್ಪುನೀರಿನಲ್ಲಿಯೂ ಅರ್ಧ ಗಂಟೆ ಇಡಿರಿ. ಮೊದಲನೆಯದು ಸೆಟೆದು ನಿಲ್ಲುವುದು. ಎರಡನೆಯದು ಮತ್ತಷ್ಟು ಜೋಲುವುದು. ಲೆಟ್ಯೂಸಿನ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಇದೆ. ಎಲೆಯ ಜೀವಕೋಶಗಳು ತಣ್ಣೀರನ್ನು ಒಳಗೆ ಸೆಳೆದುಕೊಳ್ಳುತ್ತವೆ. ಹೊರಗೆ ಉಪ್ಪು ಹೆಚ್ಚಾದರೆ ಇದ್ದ ನೀರನ್ನೂ ಕಳೆದುಕೊಳ್ಳುತ್ತವೆ. ಪಚಡಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಬೆರೆಸಬೇಕೆಂದು ತಾಯಂದಿರು ಹೇಳುವುದರ ಕಾರಣವಿದು.

ತೊಳೆದ ಎಲೆಗಳನ್ನು ಶುಭ್ರವಾದ ಅರಿವೆಯ ಮೇಲೆ ಹರಡಿ ನೀರನ್ನು ಒರೆಸಬೇಕು. ಒದ್ದೆಯ ಎಲೆಗೆ ಎಣ್ಣೆ ಹಿಡಿಯದು. ಉಣ್ಣುವ ಮುನ್ನವೇ ಎಲೆಗಳನ್ನು ಹರಿದು, ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಶೇಂಗಾ ಹಿಂಡಿ, ಒಂದು ಚಮಚ ಎಣ್ಣೆ, ನಿಂಬೆಯ ರಸಗಳನ್ನು ಬೆರೆಸಬಹುದು. ಎಣ್ಣೆಯು ಕೇವಲ ರುಚಿಗಲ್ಲ. ಹಸಿರೆಲೆಯ ಕೆರೋಟಿನ್ ನಮ್ಮ ಮೈಯಲ್ಲಿ ‘ಎ’ ಜೀವಸತ್ತ್ವವಾಗುತ್ತದೆ. ಅದು ಮೈಗೆ ಹತ್ತಲು ಜಿಡ್ಡು ಬೇಕು. ನಿಂಬೆಯ ‘ಸಿ’ ಜೀವಸತ್ತ್ವವು ಸೊಪ್ಪಿನ ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ರೊಟ್ಟಿಯ ಮೇಲೆ ಹಿಂಡಿ, ಎಣ್ಣೆ ಹಾಕಿ ಹಕ್ಕರಿಕೆಯನ್ನು ತಿಂದ ಹಿರಿಯರು ಈ ಶಾಸ್ತ್ರವನ್ನು ಓದಿರಲಿಲ್ಲ, ಆದರೂ ಸರಿಯಾಗಿಯೇ ಉಂಡರು.

ಎಷ್ಟು ತೊಳೆದರೂ ಎಲ್ಲ ಕ್ರಿಮಿಗಳೂ ಹೋಗುವವೆಂಬ ಭರವಸೆಯಿಲ್ಲ. ಆದಕಾರಣ ಸೊಪ್ಪು ಬೆಳೆದ ಹೊಲ ಯಾವುದು, ಅದಕ್ಕೆ ಹಾಯಿಸಿದ ನೀರು ಯಾವುದು ಎಂದು ಸಂತೆಯಲ್ಲಿ ಕೇಳಲು ಸಂಕೋಚ ಬೇಡ. ಚರಂಡಿಯ ನೀರಿನಿಂದ ಬೆಳೆದ ಸೊಪ್ಪನ್ನೂ, ಊರಿನಲ್ಲಿ ವಾಂತಿಭೇದಿ ಇರುವಾಗ ಯಾವ ಸೊಪ್ಪನ್ನೂ ಹಸಿಯದಾಗಿ ತಿನ್ನದೆ, ಬೇಳೆಯೊಡನೆ ಚೆನ್ನಾಗಿ ಕುದಿಸಿ ಉಣ್ಣಬೇಕು.