ಕೆರೆ ಸರ್ಕಾರದ್ದು, ದಂಡೆ ಯಾರದ್ದು?

ನಾರಾಯಣಪುರ (ಬಸವಕಲ್ಯಾಣ ತಾ.): ಸಸ್ತಾಪುರ ಬಂಗ್ಲಾದಲ್ಲಿ ಬಸ್ ಇಳಿದು ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು ಕೋಟೆ ನೋಡುತ್ತಾರೆ, ಬಸವೇಶ್ವರ ಗುಡಿಗೆ ಹೋಗುತ್ತಾರೆ. ಹೊತ್ತಿದ್ದವರು ನಾರಾಯಣಪುರಕ್ಕೂ ಬಂದು ಚಾಲುಕ್ಯರ ಕಾಲದ ಶಿವಾಲಯದ ಮುಂದೆ ನಿಂತು ಹೋಗುತ್ತಾರೆ. ತ್ರಿಪುರಾಂತಕ ಕೆರೆಯ ದಂಡೆಗೆ ಬಂದಾಗ ಮಾತ್ರ ಗಾಳಿ ತಗೊಂಡು ವಾಪಸ್ಸು. ಈ ನೀರು ಎಲ್ಲಿಂದ ಬಂತು, ಯಾರ ಹೊಲ, ಯಾರ ಅಂಗಳ ದಾಟಿ ಬಂತು ಎಂದು ಕೇಳುವವರು ಅಪರೂಪ. ಕೇಳಿದರೂ ಸಿದ್ಧ ಉತ್ತರ ಒಂದಿದೆ: "ಕೆರೆ ಸರ್ಕಾರದ್ದರಿ, ನಮಗೇನು ಸಂಬಂಧ?"

ಸಂಬಂಧ ಇದೆ. ಕೆರೆಯ ಅಂಗಳ ಸರ್ಕಾರದ್ದಿರಬಹುದು, ಆದರೆ ಅದಕ್ಕೆ ಹತ್ತಿದ ಮನೆ, ಖಾನಾವಳಿ, ಲಾಡ್ಜು, ಹೊಲ ಇವೆಲ್ಲಾ ಖಾಸಗಿಯವರವು. ಮಳೆನೀರು ಆಕಾಶದಿಂದ ನೇರ ಕೆರೆಗೆ ಬೀಳುವುದು ಸ್ವಲ್ಪ. ಉಳಿದದ್ದೆಲ್ಲಾ ಇವರ ಜಾಗ ದಾಟಿಯೇ ಬರಬೇಕು. ಬರುವಾಗ ಅಲ್ಲಿ ಏನು ಬಿದ್ದಿದೆಯೋ ಅದನ್ನೆಲ್ಲಾ ಹೊತ್ತುಕೊಂಡೇ ಬರುತ್ತದೆ.

ಹುಲ್ಲಿನ ಬೆಲೆ

ಹನ್ನೆರಡನೆಯ ಶತಮಾನದ ಶರಣರ ಗುರುತುಗಳು ಈ ಕೆರೆಯ ಸುತ್ತ ಒತ್ತೊತ್ತಾಗಿವೆ. ಅಂಬಿಗರ ಚೌಡಯ್ಯನ ಗವಿ, ನುಲಿಯ ಚಂದಯ್ಯನ ಗವಿ, ಅಕ್ಕನಾಗಮ್ಮನ ಗವಿ ಎಲ್ಲಾ ಈ ಆಸುಪಾಸಿನಲ್ಲೇ. ನುಲಿಯ ಚಂದಯ್ಯನ ಕಾಯಕ ನೀರಂಚಿನ ಹುಲ್ಲು ಕೊಯ್ದು ಹಗ್ಗ ಹೊಸೆಯುವುದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿತು, ಆತ ಅದನ್ನೂ ಬಿಟ್ಟು ಕಾಯಕ ಮುಂದುವರಿಸಿದ ಎಂಬ ಕಥೆಯನ್ನು ಈ ಭಾಗದ ಹುಡುಗರೂ ಬಲ್ಲರು. ಕಥೆಯೊಳಗೆ ಇನ್ನೊಂದು ವಿಷಯ ಅಡಗಿದೆ. ಆಗಿನ ಕೆರೆಗೆ ಅಂಚು ಅಂದರೆ ಹುಲ್ಲು. ಕಲ್ಲಿನ ಗೋಡೆಯಲ್ಲ, ಕಬ್ಬಿಣದ ಕಟಕಟೆಯಲ್ಲ.

ಈ ಹುಲ್ಲು, ಜೊಂಡು ಬರೀ ಕಸ ಎಂದು ಈಗಿನವರು ತಿಳಿದಿದ್ದಾರೆ. ದಂಡೆಯಲ್ಲಿ ಮನೆ ಕಟ್ಟಿಸಿದವನ ಮೊದಲ ಕೆಲಸ ಜೆಸಿಬಿ ತರಿಸಿ ಅದನ್ನು ಬಳಿಸಿಬಿಡುವುದು. ಕೆರೆ ಕಾಣಬೇಕಲ್ಲ! ಆದರೆ ಹರಿದು ಬರುವ ನೀರಿನ ವೇಗ ತಗ್ಗಿಸಿ, ಅದರ ಮಣ್ಣನ್ನು ಅಲ್ಲೇ ಇಳಿಸಿ, ಗೊಬ್ಬರದ ಸತ್ವವನ್ನು ಬೇರಿನಿಂದ ಹೀರಿ, ತಿಳಿಯಾದ ನೀರನ್ನು ಕೆರೆಗೆ ಬಿಡುವ ಜರಡಿ ಇದೇ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧ ಮಾಡುವ ಘಟಕದಿಂದ ಬಂದ ನೀರನ್ನು ಮೊದಲು ಜೊಂಡಿನ ಜೌಗಿಗೆ ಹಾಯಿಸಿ, ಆಮೇಲೆ ಕೆರೆಗೆ ಬಿಡುವ ಏರ್ಪಾಡು ಮಾಡಿದರು. ಇಂಜಿನಿಯರುಗಳು ನಕ್ಷೆ ಹಾಕಿ ಮಾಡಿದ್ದನ್ನು ನಮ್ಮ ಕೆರೆಗಳ ಅಂಚು ಪುಕ್ಕಟೆಯಾಗಿ ಮಾಡುತ್ತಿತ್ತು.

ದಂಡೆಯ ಮಾಲೀಕ ಹತ್ತಿಪ್ಪತ್ತು ಅಡಿ ಹುಲ್ಲು ಬಿಟ್ಟರೆ ಅವನ ಗಂಟೇನೂ ಹೋಗುವುದಿಲ್ಲ. ನಡುವೆ ನಡೆದಾಡಲು ಒಂದು ಕಾಲುದಾರಿ ಇದ್ದರೆ ಸಾಕು.

ಬಚ್ಚಲು, ಸಂಡಾಸು, ಸೋಪಿನ ಪುಡಿ

"ನಮ್ಮೊಂದು ಮನೆ ಬಚ್ಚಲ ನೀರಿನಿಂದ ಕೆರೆ ಕೆಡ್ತದೇನ್ರಿ?" ಎನ್ನುವುದು ದಂಡೆಯವರ ಹಳೇ ಮಾತು. ಒಂದು ಮನೆಯಿಂದ ಕೆಡಲಿಕ್ಕಿಲ್ಲ. ಆದರೆ ಪ್ರತಿ ಮನೆಯವನೂ ಇದನ್ನೇ ಅನ್ನುತ್ತಾನಲ್ಲ! ಮಡಿವಾಳ ಮಾಚಿದೇವರ ಕಾಲದಲ್ಲಿ ಬಟ್ಟೆಗೆ ಸೋಪಿನ ಪುಡಿ ಇರಲಿಲ್ಲ, ಚೌಳು ಮಣ್ಣಿನಲ್ಲೇ ಕೆಲಸ ನಡೆಯುತ್ತಿತ್ತು. ಈಗಿನ ಎಷ್ಟೋ ಪುಡಿಗಳಲ್ಲಿ ರಂಜಕ ಇರುತ್ತದೆ. ಹೊಲದ ಡಿಎಪಿಯಲ್ಲಿ ಇರುವುದೂ ಅದೇ. ಹೊಲದಲ್ಲಿ ಬೆಳೆ ಏಳಿಸುವ ರಂಜಕ ಕೆರೆಯಲ್ಲಿ ಪಾಚಿ, ಅಂತರಗಂಗೆ ಏಳಿಸುತ್ತದೆ. ಅದು ಸತ್ತು ಕೊಳೆತಾಗ ನೀರಿನಲ್ಲಿದ್ದ ಆಮ್ಲಜನಕ ಖಲಾಸ್. ಒಂದು ಬೆಳಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲಿದರೆ ಯಾರೋ ವಿಷ ಹಾಕಿದರು ಎಂದು ಊರೆಲ್ಲಾ ಗುಲ್ಲು! ಹಾಕಿದವರು ಊರವರೇ, ಅದೂ ದಿನಾ ಒಂದಿಷ್ಟು.

ಸಂಡಾಸಿನ ಗುಂಡಿ ಇದಕ್ಕಿಂತ ಕಠಿಣ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಕಡೆ ಇಷ್ಟಕ್ಕೇ ನಿಶ್ಚಿಂತೆಯಾಗಿ ಮಲಗುವ ಹಾಗಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಅಂಟಾಗಿ ನೀರು ಹಿಂಗಿಸುವುದಿಲ್ಲ, ಗುಂಡಿ ತುಂಬಿ ಮೇಲೆ ಹರಿಯುತ್ತದೆ. ಕೆಳಗಿನ ಕರಿಕಲ್ಲಿನಲ್ಲಿ ಬಿರುಕು ಇದ್ದರೆ ಹೊಲಸು ನೀರು ಅದರೊಳಗೆ ಹೊಕ್ಕು ಎಲ್ಲಿ ಏಳುತ್ತದೋ ಹೇಳಲಾಗದು. ಕೆರೆಗಷ್ಟೇ ಅಲ್ಲ, ದಂಡೆಯವನ ಸ್ವಂತ ಬೋರಿಗೂ ಅದು ಬರಬಹುದು. ಕೆರೆ ನೀರು ಹಿಂಗಿ ಬಾವಿ ತುಂಬುತ್ತದೆ ಎಂದು ಖುಷಿಪಡುವವನು, ಬೇಡದ್ದೂ ಅದೇ ದಾರಿಯಲ್ಲಿ ಬರುತ್ತದೆ ಎನ್ನುವುದನ್ನು ಮರೆಯಬಾರದು.

ಆದ್ದರಿಂದ ಗುಂಡಿಯನ್ನು ಜಾಗದ ಕೆರೆಯ ಕಡೆಗೆ ತೋಡದೆ ರಸ್ತೆಯ ಕಡೆಗೆ ತೋಡುವುದು, ತುಂಬುವ ಮುಂಚೆ ಖಾಲಿ ಮಾಡಿಸುವುದು, ಬಚ್ಚಲ ನೀರನ್ನು ಬಾಳೆಗಿಡಕ್ಕೋ ಕೆಸುವಿನ ಮಡಿಗೋ ತಿರುಗಿಸುವುದು. ಇದರಲ್ಲಿ ಸರ್ಕಾರದ ಅನುದಾನ ಕಾಯಬೇಕಾದ್ದು ಏನೂ ಇಲ್ಲ.

ಹೊಲದವರ ಮಾತು ಬೇರೆ. ನಾರಾಯಣಪುರದಂಥ ಹಳ್ಳಿಗಳ ರೈತರು ಕೆರೆ ದಂಡೆಯವರು ನಾವಲ್ಲ ಎನ್ನಬಹುದು. ಹಳ್ಳ ಹತ್ತಿದ ಹೊಲವೂ ಯಾವುದೋ ಕೆರೆಯ ದಂಡೆಯೇ. ಸೋಯಾ, ತೊಗರಿ ಬಿತ್ತಿದ ಹೊಲದಲ್ಲಿ ಇಳಿಜಾರಿಗೆ ಅಡ್ಡ ಸಾಲು ಹೊಡೆಯುವುದು, ಬದು ಕೆಡಿಸದೆ ಇಡುವುದು, ಮೋಡ ಕಟ್ಟಿದ ದಿನ ಯೂರಿಯಾ ಚೆಲ್ಲದಿರುವುದು, ಇಷ್ಟೇ ಕೆರೆಗೆ ಆತನ ಉಪಕಾರ. ಯೂರಿಯಾ ಚೀಲದ ದುಡ್ಡೂ ಉಳಿಯುತ್ತದೆ, ಅದೇನು ಕಡಿಮೆ?

ಹಿಂದಿನವರ ಲೆಕ್ಕ

ಕೆರೆಯ ಲಾಭ ಉಂಡವನು ಕೆರೆ ನೋಡಿಕೊಳ್ಳಬೇಕು ಎನ್ನುವುದು ಹೊಸ ಕಾಯಿದೆ ಅಲ್ಲ. ಹಳೇ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತು ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಏರಿ ದುರಸ್ತಿ ಮಾಡಿಸುವವನಿಗೆ ಬಿಟ್ಟ ಭೂಮಿ ಅದು. ನೀರಗಂಟಿ ತೂಬು ಕಾಯುತ್ತಿದ್ದ, ಅಚ್ಚುಕಟ್ಟಿನವರು ಹೂಳು ಎತ್ತುತ್ತಿದ್ದರು. ಸರ್ಕಾರಿ ಇಲಾಖೆ ಬಂದ ಮೇಲೆ ಹೂಳೂ ಇಲಾಖೆಯದೇ ಆಯಿತು.

ಆದರೂ ಸಂದರ್ಭ ಬಂದಾಗ ಜನ ಬರುತ್ತಾರೆ. 2016ರ ಬರದಲ್ಲಿ ಅನುರಾಗ ತಿವಾರಿ ಬೀದರ ಜಿಲ್ಲಾಧಿಕಾರಿಯಾಗಿದ್ದಾಗ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳ ಹೂಳು ತೆಗೆಸಲಾಯಿತು, ಹಳೇ ಬಾವಿಗಳನ್ನೂ ಸ್ವಚ್ಛ ಮಾಡಿಸಲಾಯಿತು. ರೈತರು ಟ್ರ್ಯಾಕ್ಟರ್ ತಂದು ಹೂಳನ್ನು ಹೊಲಕ್ಕೆ ಸಾಗಿಸಿದರು. ಹೊಲದಿಂದ ಕೊಚ್ಚಿಹೋದ ಮಣ್ಣು, ಅದರಲ್ಲಿ ಕೂತ ಗೊಬ್ಬರ, ಎರಡೂ ಮರಳಿ ಹೊಲಕ್ಕೇ. ಕೆರೆಗೂ ಹಗುರ.

ಬೆಂಗಳೂರಿನ ಎರಡು ಮುಖ

ರಾಜಧಾನಿಯಲ್ಲಿ ಎರಡೂ ತರಹದ ಉದಾಹರಣೆ ಸಿಗುತ್ತವೆ. ಬೆಳ್ಳಂದೂರು ಕೆರೆಗೆ ಕೊಳಚೆ ಹರಿದೂ ಹರಿದೂ 2015ರಲ್ಲಿ ನೊರೆಗೇ ಬೆಂಕಿ ಹತ್ತಿತು. ನೀರಿಗೆ ಬೆಂಕಿ! ಸುತ್ತಲಿನ ಫ್ಲಾಟುಗಳಿಗೆ ಬೆಲೆಯೇನೋ ಭಾರೀ, ಕಿಟಕಿ ಮಾತ್ರ ತೆಗೆಯುವ ಹಾಗಿರಲಿಲ್ಲ. ಅತ್ತ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ತಾವೇ ಒಂದು ಟ್ರಸ್ಟ್ ಕಟ್ಟಿದರು, 2011ರಲ್ಲಿ ಮಹಾನಗರ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ಉಸ್ತುವಾರಿ ವಹಿಸಿದರು. ಗಿಡ ನೆಟ್ಟರು, ಕಳೆ ತೆಗೆಸಿದರು. ಪಕ್ಕದ ದೊಡ್ಡ ವಸತಿ ಸಮುಚ್ಚಯದ ಕೊಳಚೆಯನ್ನು ಶುದ್ಧ ಮಾಡಿ ಕೆರೆಗೆ ಬಿಡುವ ವ್ಯವಸ್ಥೆಯೂ ಮುಂದೆ ಆಯಿತು. ಅಂದರೆ ದಂಡೆಯವರ ಹೊಲಸೇ ಹದವಾಗಿ ಕೆರೆಗೆ ನೀರಾಯಿತು.

ದೂರದ ಬೆಂಗಳೂರು ಯಾಕೆ, ನೆರೆಯ ಹುಮನಾಬಾದಿನ ಕೈಗಾರಿಕಾ ಪ್ರದೇಶದ ತ್ಯಾಜ್ಯದ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರು ಹೇಳುತ್ತಲೇ ಬಂದಿದ್ದಾರೆ. ಕಾರ್ಖಾನೆಗೆ 1974ರ ಜಲ ಕಾಯಿದೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಮನೆಯ ಬಚ್ಚಲಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ.

ಅಂಗಡಿಕಾರರಿಗೂ ಇಲ್ಲಿ ಪಾಲಿದೆ. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದೆ. ಚೀಲ ಇನ್ನೂ ಗಟಾರದಲ್ಲಿ ಕಾಣುತ್ತವೆ. ಗಟಾರ ಮುಗಿಯುವುದು ಹಳ್ಳದಲ್ಲಿ, ಹಳ್ಳ ಮುಗಿಯುವುದು ಕೆರೆಯಲ್ಲಿ.

ಅಳತೆ ಮೊದಲು

ಕಾನೂನು ಸುಮ್ಮನೆ ಕೂತಿಲ್ಲ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಅಧಿನಿಯಮ ಕೆರೆ ಜಾಗದ ಒತ್ತುವರಿ, ಕಸ ಮತ್ತು ಕಟ್ಟಡದ ಅವಶೇಷ ಸುರಿಯುವುದು, ಶುದ್ಧ ಮಾಡದ ಕೊಳಚೆ ಬಿಡುವುದು ಎಲ್ಲಾ ಅಪರಾಧ ಎನ್ನುತ್ತದೆ. ಕೆರೆಯ ಹೊರಗಡಿಯಿಂದ 30 ಮೀಟರ್ ಒಳಗೆ ಮನೆ, ವ್ಯಾಪಾರಿ ಕಟ್ಟಡ ಬೇಡವೆಂದೂ ಅದರಲ್ಲಿ ಇತ್ತು. ಕೆರೆಯ ವಿಸ್ತೀರ್ಣ ನೋಡಿ ಈ ಅಳತೆ ಬದಲಿಸುವ ತಿದ್ದುಪಡಿ ವಿಧೇಯಕಕ್ಕೆ 2025ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಅಳತೆ ಕಡಿಮೆ ಮಾಡಿದರೆ ಜಾಗದವರಿಗೆ ಖುಷಿ, ಕೆರೆಗೆ ಏನೋ! ಕೊಳಚೆ ಟೇಪು ಹಿಡಿದು ನೋಡಿ ನಿಲ್ಲುವುದಿಲ್ಲ.

ತ್ರಿಪುರಾಂತಕ ಕೆರೆಯ ಪ್ರದೇಶದಲ್ಲೇ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಇಂಥ ಕೆಲಸ ಬಂದಲ್ಲಿ ಜಾಗದ ಬೆಲೆ ಏರುತ್ತದೆ, ಲಾಡ್ಜು, ಹೋಟೆಲು ಏಳುತ್ತವೆ, ಅವುಗಳ ಹಿಂದೆಯೇ ಅವುಗಳ ಬಚ್ಚಲೂ ಬರುತ್ತದೆ. ಕಟ್ಟಿದ ಮೇಲೆ ಪೈಪು ಎಲ್ಲಿಗೆ ಬಿಡೋಣ ಎಂದು ಹುಡುಕುವ ಪದ್ಧತಿ ನಮ್ಮಲ್ಲಿದೆ. ಇಲ್ಲಿ ಅದು ಕಟ್ಟುವ ಮುಂಚೆಯೇ ತೀರ್ಮಾನ ಆಗಬೇಕು.

ತಮ್ಮ ಜಾಗ ಎಲ್ಲಿ ಮುಗಿಯಿತು, ಕೆರೆ ಎಲ್ಲಿ ಶುರುವಾಯಿತು ಎಂಬುದು ದಂಡೆಯ ಎಷ್ಟೋ ಮಾಲೀಕರಿಗೆ ಬಾಯಿಮಾತಿನಲ್ಲಷ್ಟೇ ಗೊತ್ತಿರುತ್ತದೆ. ಸಂಶಯ ಇದ್ದವರು ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಭೂಮಾಪಕರು ಬಂದು ಗಡಿ ಗುರುತಿಸಿ ಕೊಡುತ್ತಾರೆ. ಹೋಗುವಾಗ ಪಹಣಿ ಜೊತೆಗಿರಲಿ.