ನಿಮಗಿದು ಗೊತ್ತೆ? ಮೀನಿನ ತೊಟ್ಟಿಯ ಕೆಳಗೊಂದು ಪಾಚಿ ತೋಟ

ಉಪ್ಪುನೀರಿನ ಅಕ್ವೇರಿಯಂನ ಚೆಂದವೆಲ್ಲ ಮೇಲಿನ ಗಾಜಿನಲ್ಲಿ, ದುಡಿಮೆಯೆಲ್ಲ ಕೆಳಗಿನ ಕಪಾಟಿನಲ್ಲಿ. ಅಲ್ಲಿ ಅಡಗಿರುವ ಎರಡನೇ ತೊಟ್ಟಿಯೇ ಸಂಪ್. ಮೇಲಿಂದ ತುಂಬಿ ಹರಿದ ನೀರು ಇದಕ್ಕಿಳಿದು, ಸೋಸಿಕೊಂಡು, ಪಂಪ್ ಮೂಲಕ ಮತ್ತೆ ಮೇಲೇರುತ್ತದೆ. ಹಳೆಯ ಗಾಜಿನ ತೊಟ್ಟಿಯೊಳಗೆ ಸಿಲಿಕೋನ್‌ನಿಂದ ಅಡ್ಡಗಾಜು ಅಂಟಿಸಿ ಹವ್ಯಾಸಿಗಳು ಮನೆಯಲ್ಲೇ ಇದನ್ನು ಕಟ್ಟಿಕೊಳ್ಳುತ್ತಾರೆ. ಬೂಷ್ಟು ತಡೆಯುವ ರಾಸಾಯನಿಕ ಬೆರೆತ ಬಚ್ಚಲುಮನೆಯ ಸಿಲಿಕೋನ್ ಮಾತ್ರ ಬೇಡ, ಅದು ಮೀನಿಗೆ ಅಪಾಯಕಾರಿ.

ಕರೆಂಟ್ ಹೋದಾಗ ಮೇಲಿನ ನೀರು ಒಂದಷ್ಟು ಕೆಳಗಿಳಿಯುತ್ತದೆ. ಸಂಪನ್ನು ಕಂಠಪೂರ್ತಿ ತುಂಬಿಸಿದವರು ನೆಲ ಒರೆಸಲು ಸಿದ್ಧರಾಗಬೇಕು!

ಸಂಪಿನ ಒಂದು ಭಾಗದಲ್ಲಿ ಕೀಟೊಮಾರ್ಫಾದಂಥ ಕಡಲಪಾಚಿ ಬೆಳೆಸಿದರೆ ಅದು ರೆಫ್ಯೂಜಿಯಂ. ಪಾಚಿ ನೀರಿನಲ್ಲಿರುವ ನೈಟ್ರೇಟ್, ಫಾಸ್ಫೇಟ್ ಹೀರುತ್ತದೆ. ಮೀನಿನ ಬಾಯಿಗೆ ಸಿಗದೆ ಅಲ್ಲಿ ಹೆಚ್ಚುವ ಕೋಪಿಪಾಡ್ ಎಂಬ ಕಿರುಜೀವಿಗಳು ಮುಂದೆ ನೀರಿನೊಂದಿಗೆ ಮೇಲೇರಿ ಮೀನಿಗೇ ಊಟವಾಗುತ್ತವೆ. ಇಲ್ಲಿನ ದೀಪವನ್ನು ಸಾಮಾನ್ಯವಾಗಿ ರಾತ್ರಿ ಉರಿಸುತ್ತಾರೆ. ಕತ್ತಲಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರಿನ ಪಿಎಚ್ ಕುಸಿಯುತ್ತದೆ. ಪಾಚಿ ಆ ಅನಿಲವನ್ನು ಬಳಸಿಕೊಂಡು ಕುಸಿತವನ್ನು ತಗ್ಗಿಸುತ್ತದೆ.

ಪಾಚಿಯ ವಿಚಾರದಲ್ಲಿ ಉಡಾಫೆ ಸಲ್ಲದು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದ ಕಡಲಲ್ಲಿ ಪುಟ್ಟ ತೇಪೆಯಷ್ಟು ಕಂಡ ಅಕ್ವೇರಿಯಂ ಪಾಚಿ ಕೌಲರ್ಪಾ ಟ್ಯಾಕ್ಸಿಫೋಲಿಯಾ, ಮುಂದೆ ಮೆಡಿಟರೇನಿಯನ್‌ನ ಸಾವಿರಾರು ಎಕರೆ ತಳವನ್ನು ಆವರಿಸಿತು. 2000ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕಾಣಿಸಿಕೊಂಡಾಗ ಟಾರ್ಪಾಲಿನ್ ಹೊದಿಸಿ, ಕ್ಲೋರಿನ್ ಹಾಕಿ ಕೊಲ್ಲಬೇಕಾಯಿತು. ಕತ್ತರಿಸಿದ ಪಾಚಿಯನ್ನು ಚರಂಡಿಗಾಗಲಿ ಕಡಲಿಗಾಗಲಿ ಎಸೆಯಬೇಡಿ. ಫ್ರೀಜರ್‌ನಲ್ಲಿಟ್ಟು ಸಾಯಿಸಿದ ಮೇಲೆ ಕಸಕ್ಕೆ ಹಾಕಿ.