ಆಂಜಿಯೋಗ್ರಾಮ್ ಬಳಿಕ ಮಿಡಿಯುವ ಗಂಟು: ಅದನ್ನು ಕುರುವೆಂದು ಭಾವಿಸದಿರೋಣ

ಹೃದಯದ ಆಂಜಿಯೋಗ್ರಾಮ್ ಅಥವಾ ಸ್ಟೆಂಟ್ ಚಿಕಿತ್ಸೆಗಾಗಿ ನಮ್ಮ ತಾಳವಾಡಿ ಬೆಟ್ಟಗಳ ಜನರು ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಈರೋಡು, ಕೊಯಮತ್ತೂರಿಗೋ, ಗಡಿ ದಾಟಿ ಮೈಸೂರಿಗೋ ಹೋಗುತ್ತಾರೆ. ಎಲ್ಲವೂ ಸರಿಯಿದ್ದರೆ ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಹೀಗೆ ಮರಳಿದವರಲ್ಲಿ ಕೆಲವರಿಗೆ, ಸೂಜಿ ಚುಚ್ಚಿದ ಜಾಗದಲ್ಲಿ ಗಂಟೊಂದು ಕಾಣಿಸಿಕೊಳ್ಳುವುದುಂಟು. ಅದರ ಬಗ್ಗೆ ಪ್ರತಿ ಕುಟುಂಬವೂ ತಿಳಿದಿರುವುದು ಅಗತ್ಯ.

ಅಪಧಮನಿ ಎಂಬ ಪದ ನಮ್ಮ ಮಕ್ಕಳಿಗೆ ವಿಜ್ಞಾನ ಪಾಠದಿಂದ ಪರಿಚಿತ. ಹೃದಯದಿಂದ ರಕ್ತವನ್ನು ಒತ್ತಡದಿಂದ ಹೊರಗೊಯ್ಯುವ ನಾಳವದು. ಆಂಜಿಯೋಗ್ರಾಮ್‌ಗಾಗಿ ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯನ್ನು ಚುಚ್ಚಿ ತೆಳುವಾದ ಕೊಳವೆಯನ್ನು ಒಳಗೆ ಸೇರಿಸುತ್ತಾರೆ. ಕೊಳವೆ ತೆಗೆದ ಮೇಲೆ ರಂಧ್ರವು ಪೂರ್ಣವಾಗಿ ಮುಚ್ಚದಿದ್ದರೆ ರಕ್ತವು ಹೊರಗೆ ಸೋರಿ, ಸುತ್ತಲಿನ ಮಾಂಸದ ನಡುವೆ ಚೀಲದಂತೆ ನಿಲ್ಲುತ್ತದೆ. ನಾಳದ ಗೋಡೆಯೇ ಉಬ್ಬಿರುವುದಿಲ್ಲವಾದ್ದರಿಂದ ಇದನ್ನು ಹುಸಿ ಉಬ್ಬು, ವೈದ್ಯರ ಮಾತಿನಲ್ಲಿ ಸ್ಯೂಡೋಅನ್ಯೂರಿಸಂ, ಎನ್ನುತ್ತಾರೆ. ಮಣಿಕಟ್ಟಿಗಿಂತ ತೊಡೆಸಂದಿನಲ್ಲಿ ಇದರ ಸಾಧ್ಯತೆ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿಯೂ ಹೆಚ್ಚು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈಯಲ್ಲಿಯೂ ಬರಬಹುದು.

ಗುರುತಿಸುವುದು ಹೇಗೆ? ಗಂಟಿನ ಮೇಲೆ ಬೆರಳನ್ನು ಹಗುರವಾಗಿ ಇರಿಸಿದರೆ ನಾಡಿಯಂತೆ ಮಿಡಿಯುತ್ತದೆ. ನೋವು, ನೀಲಿಗಟ್ಟಿದ ಚರ್ಮ ಇರಬಹುದು. ಇದನ್ನು ಕುರುವೆಂದು ತಿಳಿದು ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು, ಸೊಪ್ಪರೆದು ಕಟ್ಟುವುದು ತರವಲ್ಲ. ಕೀವು ತೆಗೆಯಲೆಂದು ಕೊಯ್ದರಂತೂ ತಡೆಯಲಾಗದ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿದರೆ ರೋಗ ಖಚಿತವಾಗುತ್ತದೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ ಚೀಲ ಹಲವು ಬಾರಿ ತಾನಾಗಿಯೇ ಮುಚ್ಚುತ್ತದೆ. ಮತ್ತೆ ಸ್ಕ್ಯಾನ್ ಮಾಡಿ ಗಮನಿಸಿದರೆ ಸಾಕು. ದೊಡ್ಡದಿದ್ದರೆ, ಸ್ಕ್ಯಾನ್ ಉಪಕರಣದಿಂದಲೇ ಸೋರುವ ಕತ್ತನ್ನು ಒತ್ತಿಹಿಡಿಯುವ ವಿಧಾನವಿದೆ. 1991ರಲ್ಲಿ ಪ್ರಕಟವಾದ ಈ ಕ್ರಮಕ್ಕೆ ಸಮಯ ಹಿಡಿಯುತ್ತದೆ, ನೋವೂ ಹೆಚ್ಚು. ಇಂದು ಹೆಚ್ಚಾಗಿ ಬಳಸುವುದು ಥ್ರಾಂಬಿನ್ ಚುಚ್ಚುಮದ್ದು. ಸ್ಕ್ಯಾನ್ ನೋಡುತ್ತ ಚೀಲದೊಳಕ್ಕೆ ಈ ಮದ್ದನ್ನು ಸ್ವಲ್ಪವೇ ಬಿಟ್ಟರೆ ಅಲ್ಲಿನ ರಕ್ತ ಕ್ಷಣಗಳಲ್ಲಿ ಹೆಪ್ಪುಗಟ್ಟುತ್ತದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಫಲ ಕೊಡುತ್ತದೆ. ಹೆಪ್ಪು ನಾಳಕ್ಕೆ ಜಾರುವ ಅಪಾಯ ಅಪರೂಪವಾಗಿ ಉಂಟಾದ್ದರಿಂದ ಅನುಭವಿ ವೈದ್ಯರೇ ಮಾಡಬೇಕು. ಚೀಲ ವೇಗವಾಗಿ ಬೆಳೆಯುತ್ತಿದ್ದರೆ, ಒಡೆದರೆ, ಸೋಂಕು ತಗುಲಿದರೆ ಅಥವಾ ಮೇಲಿನ ಚರ್ಮ ಹಾಳಾಗುತ್ತಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ.

ಗಂಟು ಕಂಡ ದಿನವೇ ವೈದ್ಯರನ್ನು ಕಾಣೋಣ. 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಸಂಜೆಯವರೆಗೆ ಕಾಯದೆ ಹಗಲಿನಲ್ಲಿಯೇ ಹೊರಡುವುದು ಲೇಸು. ಗಂಟು ದಿಢೀರನೆ ದೊಡ್ಡದಾದರೆ, ರಕ್ತ ಸುರಿದರೆ, ಕಾಲು ತಣ್ಣಗಾಗಿ ಮರಗಟ್ಟಿದರೆ ಯಾವ ಹೊತ್ತಾದರೂ 108ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುತ್ತಿದ್ದರೆ ರೋಗಿಯನ್ನು ಮಲಗಿಸಿ, ಶುಭ್ರವಾದ ಬಟ್ಟೆಯಿಂದ ಆ ಜಾಗವನ್ನು ಬಲವಾಗಿ, ಬಿಡದೆ ಒತ್ತಿಹಿಡಿಯಬೇಕು. ವೈದ್ಯರು ಕೊಟ್ಟ ಮಾತ್ರೆಗಳನ್ನು ನಾವಾಗಿಯೇ ನಿಲ್ಲಿಸಬಾರದು. ಸ್ಟೆಂಟ್ ಮುಚ್ಚಿಹೋಗುವ ಭಯವಿದೆ.

ಬಿಡುಗಡೆ ಪತ್ರವನ್ನು ತಪ್ಪದೆ ಒಯ್ಯೋಣ. ತಮಿಳು ಮಾತನಾಡುವ ವೈದ್ಯರೆದುರು ನಮ್ಮ ಹಿರಿಯರು ಮಾತಿಗೆ ತಡವರಿಸಿದರೆ ಜೊತೆಗಿರುವ ಮಕ್ಕಳು ನೆರವಾಗಬಹುದು: ಊತಕ್ಕೆ ‘ವೀಕ್ಕಂ’, ಮಿಡಿತಕ್ಕೆ ‘ತುಡಿಪ್ಪು’. ಸೂಜಿ ಚುಚ್ಚಿದಲ್ಲಿ ಊದಿದೆ, ಅದು ಮಿಡಿಯುತ್ತಿದೆ ಎಂಬ ಎರಡು ಸಂಗತಿಗಳನ್ನು ತಿಳಿಸಿದರೆ ವೈದ್ಯರು ಸರಿಯಾದ ಸ್ಕ್ಯಾನ್‌ಗೆ ಬೇಗನೆ ಕಳುಹಿಸಬಲ್ಲರು.